ಲಾಡ್ಜಿನ ವೈಫೈ, ಅಪ್ಪಯ್ಯನ ಮಂಡಿ ಮತ್ತು ನನ್ನ ಪುಟ್ಟ ರೂಟರ್

ಮೊನ್ನೆ ಊರಿಂದ ವಾಪಸ್ ಬಂದು ಬ್ಯಾಗ್ ಬಿಚ್ಚಿದರೆ ಮೇಲುಗಡೆಯೇ ಸಿಕ್ಕಿದ್ದು ಈ ರೂಟರ್. ಸೋಪಿನ ಡಬ್ಬಿಗಿಂತ ತುಸು ದೊಡ್ಡದು, ತೂಕ ಹೆಚ್ಚುಕಡಿಮೆ 200 ಗ್ರಾಂ. ಇದನ್ನು ನಂಬಿಕೊಂಡು 26 ದಿನ ಉಡುಪಿಯ ಲಾಡ್ಜಿನಲ್ಲೂ ಕೊಪ್ಪದ ಹತ್ತಿರದ ನಮ್ಮ ಮನೆಯಲ್ಲೂ ಕೂತು ಕೆಲಸ ಮಾಡಿದೆ. ಕೆಲಸವೇನೋ ಆಯಿತು. ಆದರೆ ಅದಕ್ಕೆ ಮುಂಚೆ ಒಂದು ತಿಂಗಳು ಇದು ನನ್ನ ತಲೆ ತಿಂದಿದೆ. ತಂದು ಪ್ಲಗ್ ಹಾಕಿದರೆ ಮುಗೀತು ಅಂತ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಹಾಗೇನೂ ಇಲ್ಲ. ನನ್ನ ಹಾಗೆ ಕಂಪ್ಯೂಟರ್ ಓದದವರು, ಆದರೆ ಕಂಪ್ಯೂಟರ್ ಇಲ್ಲದೆ ಒಂದು ದಿನವೂ ಸಾಗದವರು ಯಾರಾದರೂ ಇದೇ ದಾರಿ ಹಿಡಿದಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೀತಾ ಇದ್ದೇನೆ.

ನನ್ನದು ಜಿಎಸ್‌ಟಿ, ಲೆಕ್ಕಪತ್ರದ ಕೆಲಸ. ಬೆಂಗಳೂರಿನ ಬಾಡಿಗೆ ಮನೆಯ ಒಂದು ರೂಮೇ ಆಫೀಸು. ಹಾರ್ಡ್‌ವೇರ್ ಅಂಗಡಿ, ಎರಡು ಬೇಕರಿ, ಟೈಲ್ಸ್ ವ್ಯಾಪಾರ, ಹೀಗೆ ನಲವತ್ತು ಚಿಲ್ಲರೆ ಕ್ಲೈಂಟ್‌ಗಳು. ಎಲ್ಲರ ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಡೇಟಾ ಇರೋದು ಮನೆಯ ಪಿಸಿಯಲ್ಲಿ. ತಿಂಗಳ 11ಕ್ಕೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹೇಳಿ ಕಟ್ಟೋ 3ಬಿ ರಿಟರ್ನ್. ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆ ಬಾಕಿ ಇದ್ದರೆ ಅದರ ಮೇಲೆ ವರ್ಷಕ್ಕೆ ಶೇಕಡ 18 ಬಡ್ಡಿ. ಎಲ್ಲಕ್ಕಿಂತ ಜಾಸ್ತಿ, ಕ್ಲೈಂಟ್ ಕೈಲಿ ಅನ್ನಿಸಿಕೊಳ್ಳಬೇಕು.

ಮೇ ತಿಂಗಳ ಕೊನೆಯಲ್ಲಿ ಅಪ್ಪಯ್ಯನ ಮಂಡಿ ತೋರಿಸೋಕೆ ಉಡುಪಿಗೆ ಹೋಗಿದ್ದೆ. ಮಂಡಿ ಬದಲಾಯಿಸಲೇಬೇಕು, ಜುಲೈ ಮೊದಲ ವಾರಕ್ಕೆ ಆಪರೇಷನ್ ಅಂದರು. ಆ ರಾತ್ರಿ ಲಾಡ್ಜಿನಲ್ಲಿ ಕೂತು ಒಬ್ಬ ಕ್ಲೈಂಟ್‌ನ ಚಲನ್ ಕಟ್ಟೋಣ ಅಂತ ಬ್ಯಾಂಕಿನ ಪೇಜ್ ತೆರೆದೆ. ಬ್ಯಾಂಕ್ ಬರಲಿಲ್ಲ. ಕೆಂಪು ತ್ರಿಕೋನ ಹಾಕಿ, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಅಂತ ಎಚ್ಚರಿಕೆ ಬಂತು. ಮತ್ತೆ ಒತ್ತಿದೆ, ಮತ್ತೆ ಅದೇ. ಸುಮ್ನೆ ಕುತೂಹಲಕ್ಕೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅನ್ನೋ ಫೋಲ್ಡರ್ ತೆರೆದು ನೋಡಿದರೆ ನನಗೆ ಗೊತ್ತೇ ಇಲ್ಲದ ನಾಲ್ಕು ಕಂಪ್ಯೂಟರ್‌ಗಳ ಹೆಸರು. ಒಂದಕ್ಕೆ ಯಾವುದೋ ಔಷಧ ಏಜೆನ್ಸಿಯ ಹೆಸರಿತ್ತು. ಅಂದರೆ ಪಕ್ಕದ ರೂಮಿನವರಿಗೆ ನನ್ನದೂ ಕಾಣುತ್ತೆ ಅಲ್ವಾ? ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ನೆಟ್‌ವರ್ಕ್ ಕೆಲಸದವನು. "ಹ್ಯಾಕ್ ಏನೂ ಆಗಿಲ್ಲ ಮಾವ" ಅಂದ. ಲಾಡ್ಜಿನ ವೈಫೈನಲ್ಲಿ ಒಂದು ಸಲ ಲಾಗಿನ್ ಆದರೆ ಸಿಗೋ 24 ಗಂಟೆ ಮುಗಿದಿತ್ತು. ಹಾಗಾಗಿ ನಾನು ಬ್ಯಾಂಕ್ ಕೇಳಿದರೆ ಅವರ ಯಂತ್ರ ನಡುವೆ ಬಂದು ತನ್ನ ಲಾಗಿನ್ ಪೇಜ್ ಕೊಡೋಕೆ ನೋಡಿದೆ. ಬ್ಯಾಂಕ್ ಹೆಸರಲ್ಲಿ ಬೇರೆ ಯಾರೋ ಉತ್ತರ ಕೊಡ್ತಿದ್ದಾರೆ ಅಂತ ಬ್ರೌಸರ್ ಗುರುತು ಹಿಡಿದು ತಡೆದಿದೆ. ಅಲ್ಲಿಗೆ ಸರಿ. ಆದರೆ ಅದೇ ಎಚ್ಚರಿಕೆ ನಿಜವಾಗಿ ಯಾರೋ ನಡುವೆ ಕೂತಾಗಲೂ ಬರುತ್ತೆ, ಎರಡಕ್ಕೂ ವ್ಯತ್ಯಾಸ ನನ್ನಂಥವನಿಗೆ ತಿಳಿಯಲ್ಲ. ಆ ಪೇಜ್‌ನಲ್ಲಿ "ಆದರೂ ಮುಂದುವರಿ" ಅನ್ನೋದನ್ನು ಮಾತ್ರ ಯಾವತ್ತೂ ಒತ್ತಬೇಡಿ.

ನೀವು ಕೇಳಬಹುದು, ಮೊಬೈಲ್ ಹಾಟ್‌ಸ್ಪಾಟ್ ಇಲ್ವಾ ಅಂತ. ಇದೆ, ಬಹಳ ಜನಕ್ಕೆ ಅದೇ ಸಾಕು ಕೂಡ. ಎರಡು ದಿನದ ಪ್ರವಾಸಕ್ಕೆ ಇಷ್ಟೆಲ್ಲ ಹಚ್ಚಿಕೊಳ್ಳಬೇಡಿ. ನನ್ನ ಕಷ್ಟ ಏನಂದರೆ ಆ ರೂಮಿನೊಳಗೆ ಸಿಗ್ನಲ್ ಒಂದೇ ಕಡ್ಡಿ. ಕಿಟಕಿಗೆ ಫೋನ್ ಒರಗಿಸಿಟ್ಟರೆ ಎರಡು. ಊರಿನ ಮನೆಯಲ್ಲಂತೂ ಅಂಗಳ ದಾಟಿ ತೋಟದ ಏರಿ ಮೇಲೆ ನಿಂತರೆ ಮಾತ್ರ ಫೋನು. ಮೇಲಾಗಿ ನನಗೆ ಬರೀ ಇಂಟರ್‌ನೆಟ್ ಬೇಕಾಗಿರಲಿಲ್ಲ, ಮನೆಯ ಪಿಸಿಯೂ ಬೇಕಿತ್ತು.

ಟ್ರಾವೆಲ್ ರೂಟರ್ ಅನ್ನೋ ಮಾತು ಬಂದದ್ದು ಹಾಗೆ. ಲಾಡ್ಜಿನ ವೈಫೈಗೆ ಲ್ಯಾಪ್‌ಟಾಪ್ ಸೇರಿಸೋ ಬದಲು ಈ ಡಬ್ಬಿಯನ್ನು ಸೇರಿಸೋದು. ಡಬ್ಬಿ ತನ್ನದೇ ಒಂದು ವೈಫೈ ಕೊಡುತ್ತೆ. ನಮ್ಮ ಫೋನು, ಲ್ಯಾಪ್‌ಟಾಪ್ ಎಲ್ಲ ಅದರ ಹಿಂದೆ ಇರುತ್ತವೆ, ಲಾಡ್ಜಿಗೆ ಕಾಣೋದು ಡಬ್ಬಿ ಒಂದೇ. ಅದರೊಳಗೆ ವಯರ್‌ಗಾರ್ಡ್ ಅನ್ನೋ ವಿಪಿಎನ್ (ಇಂಟರ್‌ನೆಟ್ ಒಳಗೇ ಒಂದು ಖಾಸಗಿ ಸುರಂಗ ಇದ್ದ ಹಾಗೆ) ಹಾಕಿದರೆ ಎಲ್ಲ ಸಂಚಾರವೂ ಬೀಗ ಹಾಕಿಕೊಂಡು ಬೆಂಗಳೂರಿನ ಮನೆಗೆ ಹೋಗಿ, ಅಲ್ಲಿಂದ ಹೊರಗೆ ಹೋಗುತ್ತೆ. ಬ್ಯಾಂಕಿಗೆ ನಾನು ಮನೆಯಲ್ಲೇ ಕೂತ ಹಾಗೆ.

ದುಡ್ಡು ಕೊಟ್ಟು ಸಿಗೋ ವಿಪಿಎನ್ ಯಾಕೆ ಬೇಡ ಅಂದರೆ, ಅದು ಮನೆಯ ಪಿಸಿಗೆ ಕರ್ಕೊಂಡು ಹೋಗಲ್ಲ. ಇನ್ನೊಂದು ಕಾರಣವೂ ಇದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ವಿವರ 5 ವರ್ಷ ಇಟ್ಟುಕೊಳ್ಳಬೇಕು ಅಂತ. ಅದಾದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಮೂರೂ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಹೊರದೇಶದ ವಿಳಾಸ ಹೊತ್ತು ಬಂದರೆ ನಮ್ಮ ಸರ್ಕಾರಿ ಜಾಲತಾಣಗಳು ಎಷ್ಟೋ ಸಲ ಬಾಗಿಲೇ ತೆಗೆಯಲ್ಲ.

ಜೂನ್ 3ಕ್ಕೆ ಆರ್ಡರ್ ಮಾಡಿದೆ. ಜಿಎಲ್‌ಐನೆಟ್ ಕಂಪನಿಯ ಬೆರಿಲ್ ಎಎಕ್ಸ್. ಇನ್ನೂ ಕಡಿಮೆ ಬೆಲೆಯವೂ ಇವೆ, ಆದರೆ ಇದರಲ್ಲಿ ವಯರ್‌ಗಾರ್ಡ್ ಮೊದಲೇ ಕೂತಿರುತ್ತೆ, ಪೇಜ್ ತೆರೆದು ಬಟನ್ ಒತ್ತೋದಷ್ಟೇ ಅಂದ ಅಳಿಯ. ನನಗೆ ಬಿದ್ದದ್ದು 9,440 ರೂಪಾಯಿ. ಅದರಲ್ಲಿ 1,440 ಜಿಎಸ್‌ಟಿ. ನಿಮಗೆ ಜಿಎಸ್‌ಟಿ ನಂಬರ್ ಇದ್ದರೆ ಆರ್ಡರ್ ಮಾಡುವಾಗಲೇ ಹಾಕಿ, ಆಮೇಲೆ ಬಿಲ್ ತಿದ್ದಿಸೋದು ದೊಡ್ಡ ತಲೆನೋವು. ಮನೆಯ ಕಡೆಗೂ ಒಂದು ವಯರ್‌ಗಾರ್ಡ್ ಯಂತ್ರ ಬೇಕು. ಅದಕ್ಕೆ ಅಳಿಯ ತನ್ನ ಹತ್ತಿರ ಬಿದ್ದಿದ್ದ ಅದೇ ಕಂಪನಿಯ ಮ್ಯಾಂಗೋ ಅನ್ನೋ ಹಳೇ ರೂಟರ್ ಕೊಟ್ಟ. ಹಳದಿ ಬಣ್ಣ, ಬೆಂಕಿಪೊಟ್ಟಣ ನಾಲ್ಕು ಜೋಡಿಸಿದಷ್ಟು. ಪುಕ್ಕಟೆ.

ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ಭಾನುವಾರ ಅಳಿಯ ಬಂದು ಕೂತ. ಕಾಫಿ ಆರೋದರೊಳಗೆ ಎರಡೂ ಕಡೆ ಸೆಟ್ ಮಾಡಿದ. ನನ್ನ ಫೋನ್ ಹಾಟ್‌ಸ್ಪಾಟ್‌ಗೆ ಹೊಸ ರೂಟರ್ ಸೇರಿಸಿ ಪರೀಕ್ಷೆ ಮಾಡಿದ. ಆಗಲಿಲ್ಲ. ಮತ್ತೆ ಮಾಡಿದ, ಆಗಲಿಲ್ಲ. ಮನೆಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ಒಳಗೆ ಇಣುಕಿ "ಹೋ, ಸಿಜಿನ್ಯಾಟ್" ಅಂತ ತಲೆ ಚಚ್ಚಿಕೊಂಡ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದರೆ ಅರ್ಧ ಜನ ಇಲ್ಲೇ ಸಿಕ್ಕಿಹಾಕಿಕೊಳ್ತಾರೆ. ಇಂಟರ್‌ನೆಟ್‌ನಲ್ಲಿ ವಿಳಾಸಗಳು ಕಮ್ಮಿ ಇರೋದರಿಂದ ಕಂಪನಿಯವರು ನೂರಾರು ಮನೆಗೆ ಸೇರಿ ಒಂದೇ ಹೊರವಿಳಾಸ ಕೊಡ್ತಾರೆ. ದೊಡ್ಡ ಅಪಾರ್ಟ್‌ಮೆಂಟಿಗೆ ಗೇಟ್ ನಂಬರ್ ಒಂದೇ, ಫ್ಲ್ಯಾಟ್ ನಂಬರ್ ಹೊರಗಿನವರಿಗೆ ಗೊತ್ತಿಲ್ಲ, ಹಾಗೆ. ಒಳಗಿಂದ ಹೊರಗೆ ಹೋಗೋದು ಸಲೀಸು. ಹೊರಗಿಂದ ನಮ್ಮ ಮನೆ ಬಾಗಿಲು ತಟ್ಟೋಕೆ ಆಗಲ್ಲ. ಪರೀಕ್ಷೆ ಸುಲಭ. ರೂಟರ್ ಪೇಜ್‌ನಲ್ಲಿ ವ್ಯಾನ್ ವಿಳಾಸ, ಅಂದರೆ ಅದರ ಹೊರಗಡೆಯ ವಿಳಾಸ ಅಂತ ಇರುತ್ತೆ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವೂ ನನ್ನ ಸಾಲಿನವರೇ. ನನ್ನದು 100.72 ಇತ್ತು. ರೂಟರ್ ಕೊಳ್ಳೋಕೆ ಮುಂಚೆ ಇದನ್ನು ನೋಡಿ. ನಾನು ಕೊಂಡ ಮೇಲೆ ನೋಡಿದೆ.

ಪರಿಹಾರ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮ ಮನೆಗೇ ಅಂತ ಬದಲಾಗದ ಒಂದು ಹೊರವಿಳಾಸ. ವರ್ಷಕ್ಕೆ 2,000 ಮತ್ತು ತೆರಿಗೆ, ಒಟ್ಟು 2,360. ದುಡ್ಡು ಕೊಟ್ಟರೆ ಮುಗೀತು ಅಂದುಕೊಂಡೆ. ಕನೆಕ್ಷನ್ ಇರೋದು ಮನೆ ಓನರ್ ಹೆಸರಲ್ಲಿ! ನಾವು ಬಾಡಿಗೆಗೆ ಬಂದಾಗಲೇ ವೈರ್ ಇತ್ತು, ಯಾರೂ ಹೆಸರು ಬದಲಾಯಿಸೋ ಗೋಜಿಗೆ ಹೋಗಿರಲಿಲ್ಲ. ಈಗ ಕಂಪನಿಯವರು ಕೇಳಿದ್ದು ಓನರ್ ಸಹಿ ಹಾಕಿದ ಅರ್ಜಿ, ಅವರ ಆಧಾರ್ ಪ್ರತಿ, ಕೊನೆಯ ಬಿಲ್, ಜೊತೆಗೆ ರಿಜಿಸ್ಟರ್ ಆದ ಮೊಬೈಲಿಗೆ ಬರೋ ಓಟಿಪಿ.

ಓನರ್ ಕೆಳಗಿನ ಮನೆಯಲ್ಲೇ ಇರ್ತಾರೆ. ರಿಟೈರ್ಡ್ ಮೇಷ್ಟ್ರು. ಪೇಪರ್ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು.

"ಸ್ಟ್ಯಾಟಿಕ್ ಅಂದರೆ ಏನ್ರೀ? ಕರೆಂಟ್ ಬಿಲ್ ಜಾಸ್ತಿ ಬರುತ್ತಾ?"

"ಇಲ್ಲ ಸಾರ್, ವಿಳಾಸ ಬದಲಾಗದ ಹಾಗೆ ಇರುತ್ತೆ ಅಷ್ಟೇ."

"ಆಧಾರ್ ಯಾಕೆ? ಓಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ದಿನಾ ಮೆಸೇಜ್ ಕಳಿಸ್ತಾರೆ, ನೀವು ನೋಡಿದರೆ ಓಟಿಪಿ ಕೇಳ್ತೀರಿ."

ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ. ಸೆಕ್ಯೂರಿಟಿಗೋಸ್ಕರ ಓಡಾಡ್ತಿದ್ದವನು ನಾನು, ನಿಜವಾಗಿ ಸೆಕ್ಯೂರಿಟಿ ಪಾಲಿಸಿದ್ದು ಅವರು. ಕೊನೆಗೆ ಬಿಲ್ ಮೇಲಿದ್ದ ನಂಬರಿಗೆ ಅವರೇ ಫೋನ್ ಮಾಡಿ, ಮೂರು ಪ್ರಶ್ನೆ ಕೇಳಿ, ಓಟಿಪಿಯನ್ನು ತಾವೇ ಹೇಳಿದರು. ಆಧಾರ್ ಪ್ರತಿಯ ಮೇಲೆ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆ ಕೊಟ್ಟದ್ದು ಅಂತ ಬರೆದು, ತಾರೀಖು ಹಾಕಿ ಕೊಟ್ಟರು. ನೀವೂ ಹಾಗೇ ಮಾಡಿ. ಅಂದ ಹಾಗೆ ಬಿಲ್ ಅವರ ಹೆಸರಲ್ಲಿ ಬಂದದ್ದರಿಂದ ಆ 360 ರೂಪಾಯಿ ಜಿಎಸ್‌ಟಿಗೆ ನನಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನಾನು ಕಟ್ಟೋ ತೆರಿಗೆಯಲ್ಲಿ ಅದನ್ನು ಕಳೆಯೋ ಹಾಗಿಲ್ಲ. ಊರಿಗೆಲ್ಲ ಜಿಎಸ್‌ಟಿ ಬುದ್ಧಿ ಹೇಳೋನ ಕಥೆ ಇದು.

24 ಗಂಟೆಯಲ್ಲಿ ಆಗುತ್ತೆ ಅಂದದ್ದು ಆರು ದಿನ ಕಳೆದರೂ ಆಗಲಿಲ್ಲ. ದಿನಾ ಫೋನು, ದಿನಾ ಹೊಸ ಕಂಪ್ಲೇಂಟ್ ನಂಬರು. ಏಳನೇ ದಿನ ಒಬ್ಬ ಹುಡುಗ ಮನೆಗೆ ಬಂದು ಹತ್ತೇ ನಿಮಿಷದಲ್ಲಿ ಮಾಡಿಕೊಟ್ಟ. ಅವನು ಬಂದಾಗಲೇ ಪೋರ್ಟ್ ಫಾರ್ವರ್ಡ್ ಕೂಡ ಮಾಡಿಸಿಕೊಳ್ಳಿ. ಅವರ ಪೆಟ್ಟಿಗೆಗೆ ಬರೋ ವಯರ್‌ಗಾರ್ಡ್ ಕರೆಯನ್ನು ನಮ್ಮ ಮ್ಯಾಂಗೋಗೆ ದಾಟಿಸೋ ಏರ್ಪಾಡು ಅದು. ಯುಡಿಪಿ (ಡೇಟಾ ಕಳಿಸೋ ಒಂದು ವಿಧಾನ), ಪೋರ್ಟ್ (ಬಾಗಿಲ ನಂಬರ್ ಇದ್ದ ಹಾಗೆ) 51820. ಆ ಪೆಟ್ಟಿಗೆಯ ಪಾಸ್‌ವರ್ಡ್ ನಮಗೆ ಕೊಟ್ಟಿರಲ್ಲ, ಅವನ ಹತ್ತಿರವೇ ಇರುತ್ತೆ.

ಇಲ್ಲೊಂದು ಮಾತು. ನನ್ನದೇ ಕೆಲಸದ ಗೆಳೆಯನೊಬ್ಬ ವಿಪಿಎನ್ ಯಾಕೆ, ದೂರದಿಂದಲೇ ಪಿಸಿ ನಡೆಸೋ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನೇ ತೆರೆದುಬಿಡು, ಸೀದಾ ಪಿಸಿಗೆ ಹೋಗಬಹುದು ಅಂದಿದ್ದ. ದಯವಿಟ್ಟು ಬೇಡ. ಆ ಪೋರ್ಟ್ ಎಲ್ಲಿ ತೆರೆದಿದೆ ಅಂತ ಹುಡುಕಿಕೊಂಡೇ ತಿರುಗೋ ಪ್ರೋಗ್ರಾಂಗಳಿವೆ. ಒಂದು ದಿನ ಟ್ಯಾಲಿ ಫೋಲ್ಡರ್ ಪೂರ್ತಿ ಲಾಕ್ ಆಗಿ, ಬಿಡಿಸೋಕೆ ದುಡ್ಡು ಕೊಡಿ ಅಂತ ಚೀಟಿ ಬಂದಿರುತ್ತೆ.

ಸ್ಟ್ಯಾಟಿಕ್ ಐಪಿ ಬಂದ ಮೇಲೆ ಮತ್ತೆ ಪರೀಕ್ಷೆ. ಹಸಿರು ದೀಪ ಬಂತು, ಖುಷಿಯಾಯಿತು. ಇಂಟರ್‌ನೆಟ್ ಬರುತ್ತೆ, ಪಿಸಿ ಮಾತ್ರ ಸಿಗಲ್ಲ. ಒಂದು ಸಂಜೆ ಪೂರ್ತಿ ಹೋಯಿತು. ಕಾರಣ ಕೇಳಿದರೆ ನಗ್ತೀರಿ. ಎರಡೂ ಒಂದೇ ಕಂಪನಿಯ ರೂಟರ್, ಎರಡರ ಒಳವಿಳಾಸವೂ 192.168.8.1. ಮ್ಯಾಂಗೋ ಹಿಂದಿರೋ ಪಿಸಿಯನ್ನು ಕರೆದರೆ ಹೊಸ ರೂಟರ್ ಅದು ತನ್ನ ಮನೆಯಲ್ಲೇ ಇದೆ ಅಂದುಕೊಂಡು ಅಲ್ಲೇ ಹುಡುಕುತ್ತೆ. ಒಂದೇ ಬೀದಿಯಲ್ಲಿ ಎರಡು 8ನೇ ನಂಬರ್ ಮನೆ ಇದ್ದರೆ ಪೋಸ್ಟ್‌ಮ್ಯಾನ್ ಏನು ಮಾಡ್ತಾನೆ? ಹೊಸದನ್ನು 192.168.77.1 ಮಾಡಿದೆ. ಮ್ಯಾಂಗೋ ಪೇಜ್‌ನಲ್ಲಿ ದೂರದಿಂದ ಬಂದವರಿಗೆ ಒಳಗಿನ ನೆಟ್‌ವರ್ಕ್ ಮುಟ್ಟೋಕೆ ಬಿಡು ಅನ್ನೋ ಒಂದು ಸ್ವಿಚ್ ಇರುತ್ತೆ, ಅದನ್ನೂ ಆನ್ ಮಾಡಿದೆ. ಟ್ಯಾಲಿ ತೆರೆದುಕೊಂಡಿತು.

ಇಷ್ಟೆಲ್ಲ ಆದ ಮೇಲೆ ಟೇಲ್‌ಸ್ಕೇಲ್ ಅನ್ನೋದೊಂದಿದೆ ಅಂತ ಗೊತ್ತಾಯಿತು. ಅದು ವಯರ್‌ಗಾರ್ಡ್ ಮೇಲೇ ಕಟ್ಟಿದ್ದು, ಸಿಜಿನ್ಯಾಟ್ ಇದ್ದರೂ ನಡೆಯುತ್ತೆ, ಸ್ಟ್ಯಾಟಿಕ್ ಐಪಿ ಬೇಡ. ನಿಮಗೆ ಬೇಕಿರೋದು ಬರೀ ಮನೆಯ ಪಿಸಿ ಆದರೆ ಅದನ್ನು ಪಿಸಿಗೂ ಲ್ಯಾಪ್‌ಟಾಪಿಗೂ ಹಾಕಿ ನೋಡಿ. ನಾನು ಅಷ್ಟು ಹೊತ್ತಿಗೆ 2,360 ಕಟ್ಟಿಯಾಗಿತ್ತು. ಅಳಿಯನನ್ನು ಯಾಕೋ ಮೊದಲೇ ಹೇಳಲಿಲ್ಲ ಅಂತ ಕೇಳಿದರೆ, "ನಡುವೆ ಇನ್ನೊಂದು ಕಂಪನಿ ಯಾಕೆ ಮಾವ" ಅಂದ.

ಜುಲೈ 5ಕ್ಕೆ ಹೊರಟೆ. ಕ್ಲೈಂಟ್‌ಗಳ ಡಿಎಸ್‌ಸಿ (ಡಿಜಿಟಲ್ ಸಹಿ) ಇರೋ ಯುಎಸ್‌ಬಿ ಟೋಕನ್‌ಗಳನ್ನೆಲ್ಲ ಒಂದು ಪೌಚಿನಲ್ಲಿ ಹಾಕಿ ಜೊತೆಗೇ ಒಯ್ದೆ. ನಮ್ಮ ಕೆಲಸದವರಿಗೆ ಇದು ಮುಖ್ಯ. ಕಂಪನಿಗಳ ರಿಟರ್ನ್‌ಗೆ ಡಿಎಸ್‌ಸಿ ಬೇಕೇ ಬೇಕು, ಟೋಕನ್ನನ್ನು ಮನೆಯ ಪಿಸಿಗೆ ಚುಚ್ಚಿಟ್ಟು ಬಂದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದು ಕಾಣಲ್ಲ. ಟ್ಯಾಲಿಯನ್ನು ಮನೆಯ ಪಿಸಿಯಲ್ಲಿ ತೆರೆದು, ಫೈಲಿಂಗ್ ಮಾತ್ರ ಕೈಲಿರೋ ಲ್ಯಾಪ್‌ಟಾಪ್‌ನಿಂದ ಮಾಡಬೇಕು.

ಉಡುಪಿಯ ಲಾಡ್ಜು, ಎರಡನೇ ಮಹಡಿ, ಹೊರಗೆ ಮಳೆ. ರೂಟರ್ ಹಚ್ಚಿದೆ. ಹತ್ತು ನಿಮಿಷಕ್ಕೊಂದು ಸಲ ತಾನೇ ಆಫ್ ಆಗಿ ಆನ್ ಆಗ್ತಿತ್ತು. ಹಾಳಾಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಅದರ ಜೊತೆ ಬಂದ ಅಡಾಪ್ಟರ್ ಬೆಂಗಳೂರಲ್ಲೇ ಉಳಿದಿದೆ, ನಾನು ಹಾಕಿದ್ದು ಅಮ್ಮನ ಫೋನಿನ ಹಳೇ ಚಾರ್ಜರ್. ಇದಕ್ಕೆ 5 ವೋಲ್ಟ್ 3 ಆಂಪ್ ಬೇಕು, ಅದು ಕೊಡೋದು 1 ಆಂಪ್. ಮಳೆಯಲ್ಲೇ ಹೋಗಿ 650 ರೂಪಾಯಿಗೆ ಟೈಪ್-ಸಿ ಚಾರ್ಜರ್ ತಂದೆ. ಚಾರ್ಜರ್ ಮೇಲಿನ ಸಣ್ಣಕ್ಷರ ಓದಿ ಕೊಳ್ಳಿ.

ಆಮೇಲೆ ಶುರುವಾಯಿತು ಲಾಗಿನ್ ಪೇಜಿನ ಆಟ. ರೂಟರ್ ಲಾಡ್ಜಿನ ವೈಫೈಗೆ ಸೇರಿತು, ಆದರೆ ಓಟಿಪಿ ಕೇಳೋ ಪೇಜ್ ಬರಲೇ ಇಲ್ಲ. ಬರೋದಾದರೂ ಹೇಗೆ? ವಿಪಿಎನ್ ಇಲ್ಲದೆ ಒಂದು ಹನಿಯೂ ಹೊರಗೆ ಹೋಗಬಾರದು ಅಂತ ನಾನೇ ಕಿಲ್ ಸ್ವಿಚ್ ಹಾಕಿಟ್ಟಿದ್ದೆ. ವಿಪಿಎನ್ ಹತ್ತಬೇಕಾದರೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬೇಕಾದರೆ ಲಾಗಿನ್ ಆಗಬೇಕು, ಲಾಗಿನ್ ಪೇಜನ್ನು ಕಿಲ್ ಸ್ವಿಚ್ ಬಿಡಲ್ಲ. ಮೊದಲು ವಿಪಿಎನ್ ಮತ್ತು ಕಿಲ್ ಸ್ವಿಚ್ ಎರಡೂ ಆಫ್ ಮಾಡಬೇಕು. ತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿ ಕೊಡೋ ಡಿಎನ್‌ಎಸ್ ನೀವೇ ಬೇರೆ ಹಾಕಿದ್ದರೆ ಅದನ್ನು ಆಟೋಗೆ ತರಬೇಕು. ಡಿಎನ್‌ಎಸ್ ರೀಬೈಂಡಿಂಗ್ ತಡೆ ಅಂತ ಒಂದಿರುತ್ತೆ, ಅದನ್ನೂ ಆಫ್ ಮಾಡಬೇಕು. ಆಮೇಲೆ ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಅಂತ ಹೊಡೆದರೆ ಲಾಡ್ಜಿನ ಪೇಜ್ ಬರುತ್ತೆ. ಬೀಗ ಇಲ್ಲದ ಪೇಜ್ ಬೇಕು ಅಂತಲೇ ಯಾರೋ ಪುಣ್ಯಾತ್ಮರು ಮಾಡಿಟ್ಟ ಜಾಲತಾಣ ಅದು. ಓಟಿಪಿ ಹಾಕಿ, ಒಳಗೆ ಹೋದ ತಕ್ಷಣ ಎಲ್ಲ ವಾಪಸ್ ಆನ್. ಈ ನಡುವಿನ ಎರಡು ನಿಮಿಷ ಬ್ಯಾಂಕು, ಮೇಲ್ ಏನೂ ತೆರೆದಿರಬಾರದು.

24 ಗಂಟೆಗೊಮ್ಮೆ ಇದೇ ಪೂಜೆ. ಮೂರನೇ ದಿನದ ಹೊತ್ತಿಗೆ ಕೈ ಪಳಗಿತು. ಲಾಭವೂ ಇತ್ತು. ರೂಮಿಗೆ ಎರಡೇ ಸಾಧನ ಅಂತ ಅವರ ನಿಯಮ. ರೂಟರ್ ಲೆಕ್ಕಕ್ಕೆ ಒಂದೇ, ಅದರ ಹಿಂದೆ ನನ್ನ ಲ್ಯಾಪ್‌ಟಾಪ್, ಎರಡು ಫೋನು, ಅಮ್ಮ ಧಾರಾವಾಹಿ ನೋಡೋ ಟ್ಯಾಬ್. ವೇಗ ಸೀದಾ ನೋಡಿದರೆ 22 ಎಂಬಿಪಿಎಸ್, ಬೆಂಗಳೂರು ಸುತ್ತಿ ಬಂದರೆ 14. ಟ್ಯಾಲಿಗೆ ಧಾರಾಳ ಆಯಿತು. ಆಸ್ಪತ್ರೆಯ ವೈಫೈನಲ್ಲಿ ಮಾತ್ರ ವಯರ್‌ಗಾರ್ಡ್ ಹತ್ತಲೇ ಇಲ್ಲ, ಅಲ್ಲಿ ಯುಡಿಪಿ ತಡೆದಿದ್ದರು ಅಂತ ಅಳಿಯನ ಅಂದಾಜು. ಅಲ್ಲಿ ಜಗಳ ಆಡದೆ ಫೋನಿನ ಡೇಟಾ ಬಳಸಿದೆ.

8ನೇ ತಾರೀಖು ಆಪರೇಷನ್ ಆಯಿತು. ಅಪ್ಪಯ್ಯ ಮಾರನೇ ದಿನವೇ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು. 10ರ ಸಂಜೆ ರೂಮಿಗೆ ಬಂದು, ನಾಳೆ ಜಿಎಸ್‌ಟಿಆರ್-1 ಅಂತ ಕೂತರೆ ಪಿಸಿ ಇಲ್ಲ. ವಿಪಿಎನ್ ಇದೆ, ಮ್ಯಾಂಗೋ ಉತ್ತರ ಕೊಡ್ತಿದೆ, ಪಿಸಿ ಸತ್ತಿದೆ. ಬೆಂಗಳೂರಲ್ಲಿ ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗಿತ್ತಂತೆ. ಯುಪಿಎಸ್ ಅರ್ಧ ಗಂಟೆಗೆ ಕೈಬಿಟ್ಟಿದೆ. ಕರೆಂಟ್ ಬಂದ ಮೇಲೆ ಮ್ಯಾಂಗೋ ತಾನೇ ಎದ್ದಿದೆ, ಪಿಸಿಗೆ ಯಾರಾದರೂ ಬಟನ್ ಒತ್ತಬೇಕಲ್ಲ.

ಓನರ್‌ಗೆ ಫೋನ್ ಮಾಡಿದೆ. ಅವರ ಹತ್ತಿರ ಒಂದು ಕೀ ಇರುತ್ತೆ. ಎಪ್ಪತ್ತು ದಾಟಿದವರು ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿ ಹೋದರು. "ಎಡಗಡೆ ಕಪ್ಪು ಡಬ್ಬ ಸಾರ್, ಮೇಲೆ ದುಂಡಗಿನ ಬಟನ್." ಸ್ವಲ್ಪ ಹೊತ್ತು ಉಸಿರಿನ ಸದ್ದು. "ಒತ್ತಿದೆ. ನೀಲಿ ದೀಪ ಬಂತು. ಫ್ಯಾನ್ ಸದ್ದು ಮಾಡ್ತಾ ಇದೆ." ಆಮೇಲೆ ಅವರಾಗೇ, "ಅಡುಗೆಮನೆ ಕಿಟಕಿ ತೆರೆದಿತ್ತು, ಹಾಕಿದೆ" ಅಂದರು. ಪಿಸಿಯ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯೋ ಸೆಟ್ಟಿಂಗ್ ಪೇಜ್) ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು ಅನ್ನೋ ಆಯ್ಕೆ ಇರುತ್ತೆ. ಹೊರಡೋ ಮುಂಚೆ ಅದನ್ನು ಹಾಕಿಟ್ಟು, ಒಂದು ಸಲ ಮೇನ್ ಸ್ವಿಚ್ ಆರಿಸಿ ನೋಡಿ.

16ಕ್ಕೆ ಅಪ್ಪಯ್ಯನನ್ನು ಕಾರಿನಲ್ಲಿ ಆಗುಂಬೆ ಘಾಟಿ ಹತ್ತಿಸಿ ಮನೆಗೆ ಕರ್ಕೊಂಡು ಹೋದೆವು. ಅಲ್ಲಿ ಫೈಬರ್ ಇದೆ. ನಮ್ಮದೇ ಮನೆಯ ವೈಫೈ, ಲಾಗಿನ್ ಪೇಜ್ ಕಾಟ ಇಲ್ಲ. ರೂಟರ್ ಹಚ್ಚಿ ಕಿಲ್ ಸ್ವಿಚ್ ಹಾಕಿ ಬಿಟ್ಟೆ. ಮೂರು ದಿನ ಆರಾಮ.

19ರ ರಾತ್ರಿ ಗಾಳಿ ಮಳೆ. ಎಲ್ಲೋ ಲೈನ್ ಮೇಲೆ ಮರ ಬಿತ್ತು. ರೂಟರನ್ನು ಪವರ್ ಬ್ಯಾಂಕಿಗೆ ಹಾಕಿದೆ. 10,000 ಎಂಎಎಚ್‌ನದು, ಐದು ಗಂಟೆ ಚಿಲ್ಲರೆ ಬಂತು. ಬೆಳಿಗ್ಗೆ ಎದ್ದಾಗ ಅದೂ ಸತ್ತಿತ್ತು. 20ನೇ ತಾರೀಖು, 3ಬಿ ಕೊನೇ ದಿನ, ಇನ್ನೂ ಆರು ಕ್ಲೈಂಟ್ ಬಾಕಿ. ಹತ್ತೂವರೆಗೆ ಕರೆಂಟ್ ಬಂತು. ಪುಣ್ಯಕ್ಕೆ ಫೈಬರ್ ಸರಿ ಇತ್ತು, ಅಪ್ಪಯ್ಯನ ಫೋನಿನಲ್ಲಿ ಯೂಟ್ಯೂಬ್ ಬರ್ತಿತ್ತು. ನನ್ನ ರೂಟರ್‌ನಲ್ಲಿ ವಿಪಿಎನ್ ಮಾತ್ರ ಸಂಪರ್ಕಿಸುತ್ತಿದೆ, ಸಂಪರ್ಕಿಸುತ್ತಿದೆ ಅಂತಲೇ ಸುತ್ತುತ್ತಿತ್ತು. ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಬದಲಾಯಿಸಿದೆ. ಓನರ್‌ಗೆ ಫೋನ್ ಮಾಡಿದೆ, ಮೇಲೆ ಹೋಗಿ ನೋಡಿ ಹಳದಿ ಡಬ್ಬಿ ದೀಪ ಉರೀತಿದೆ ಅಂದರು. ಒಂದು ಗಂಟೆ ಹೋಯಿತು. ಅಮ್ಮ ಬಾಳೆ ಎಲೆ ಹಾಕಿ ಎರಡು ಸಲ ಕರೆದರು, ನಾನು ರೇಗಿದೆ, ಆಮೇಲೆ ಬೇಜಾರಾಯಿತು.

ತೋಟದ ಏರಿ ಹತ್ತಿ ಛತ್ರಿ ಹಿಡಿದು ಅಳಿಯನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ, "ಮಾವ, ರೂಟರ್ ಪೇಜ್‌ನಲ್ಲಿ ಟೈಮ್ ಎಷ್ಟು ತೋರಿಸ್ತಿದೆ ನೋಡು" ಅಂದ. ಇವನಿಗೇನು ತಮಾಷೆ ಅನ್ನಿಸಿತು. ಇಳಿದು ಬಂದು ನೋಡಿದೆ. ಜುಲೈ 16.

ಇಂಥ ಪುಟ್ಟ ರೂಟರ್‌ಗಳಲ್ಲಿ ಹೆಚ್ಚಿನವಕ್ಕೆ ಗಡಿಯಾರದ ಸೆಲ್ ಇರಲ್ಲ. ಕರೆಂಟ್ ಹೋದರೆ ಸಮಯ ಮರೆತು, ಕೊನೇ ಸಲ ಏನಾದರೂ ಸೇವ್ ಮಾಡಿದ ಹೊತ್ತಿಗೆ ಹೋಗಿ ನಿಲ್ಲುತ್ತವೆ. ನಾನು ಊರಿಗೆ ಬಂದು ಸೆಟ್ ಮಾಡಿದ್ದು 16ಕ್ಕೆ. ವಯರ್‌ಗಾರ್ಡ್‌ನಲ್ಲಿ ಪ್ರತಿ ಸಲ ಕೈಕುಲುಕುವಾಗಲೂ ಸಮಯ ಕಳಿಸಬೇಕು. ಹಿಂದಿನ ಸಲಕ್ಕಿಂತ ಹಳೇ ಸಮಯ ಬಂದರೆ, ಯಾರೋ ಹಳೇ ಸಂದೇಶ ಕದ್ದು ಮತ್ತೆ ಕಳಿಸ್ತಿದ್ದಾರೆ ಅಂದುಕೊಂಡು ಮನೆಯ ಕಡೆಯದು ಉತ್ತರವನ್ನೇ ಕೊಡಲ್ಲ. ಪುಸ್ತಕ ಮುಚ್ಚಿದ ಮೇಲೆ ಹಿಂದಿನ ತಾರೀಖಿನ ವೋಚರ್ ತಂದರೆ ನಾನೇನು ಮಾಡ್ತೀನೋ ಅದನ್ನೇ ಮ್ಯಾಂಗೋ ನನಗೆ ಮಾಡಿತ್ತು. ಸಮಯ ಸರಿ ಮಾಡಿಕೊಳ್ಳೋಣ ಅಂದರೆ ರೂಟರ್‌ಗೆ ಇಂಟರ್‌ನೆಟ್ ಬೇಕು, ಅದನ್ನು ನನ್ನ ಕಿಲ್ ಸ್ವಿಚ್ ತಡೆದಿದೆ. ಲಾಡ್ಜಿನಲ್ಲಿ ಈ ತೊಂದರೆ ಬರಲಿಲ್ಲ ಯಾಕೆ? ದಿನಾ ಲಾಗಿನ್ ಪೇಜ್‌ಗೋಸ್ಕರ ಅದನ್ನು ಆಫ್ ಮಾಡ್ತಿದ್ದೆನಲ್ಲ, ಆ ಎರಡು ನಿಮಿಷದಲ್ಲಿ ಗಡಿಯಾರ ಸದ್ದಿಲ್ಲದೆ ಸರಿ ಹೋಗ್ತಿತ್ತು. ನಾನು ದಿನಾ ಬೈದುಕೊಂಡ ಪೂಜೆಯೇ ನನ್ನನ್ನು ಕಾಪಾಡಿತ್ತು.

ರೂಟರ್ ಪೇಜ್‌ನಲ್ಲಿ ಟೈಮ್ ಝೋನ್ ಅನ್ನೋ ಕಡೆ, ಬ್ರೌಸರ್‌ನ ಸಮಯಕ್ಕೆ ಹೊಂದಿಸು ಅನ್ನೋ ಬಟನ್ ಇದೆ. ಒತ್ತಿದೆ. ಐದಾರು ಸೆಕೆಂಡಿಗೆ ಹಸಿರು ದೀಪ. ಸಂಜೆ ಆರೂ ಕಾಲಿಗೆ ಕೊನೆಯ ರಿಟರ್ನ್ ಹೋಯಿತು, ಓಟಿಪಿ ಹೇಳಬೇಕಾದ ಬೇಕರಿಯವರು ಫೋನ್ ಎತ್ತೋದು ತಡ ಮಾಡಿದ್ದರಿಂದ ಅಷ್ಟು ಹೊತ್ತಾಯಿತು.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಈ ಡಬ್ಬಿ ಎಲ್ಲದರಿಂದಲೂ ಕಾಪಾಡಲ್ಲ. ಬ್ಯಾಂಕಿನ ಪೇಜು ಲಾಡ್ಜಿನ ವೈಫೈನಲ್ಲೂ ಬೀಗ ಹಾಕಿಕೊಂಡೇ ಇರುತ್ತೆ, ಬ್ರೌಸರ್ ನೋಡಿಕೊಳ್ಳುತ್ತೆ. ಇದು ಮುಚ್ಚೋದು ಉಳಿದ ಕಿಂಡಿಗಳನ್ನು. ನಾವು ಯಾವ ಯಾವ ತಾಣಕ್ಕೆ ಹೋಗ್ತೀವಿ ಅನ್ನೋದು ಲಾಡ್ಜಿನವರಿಗೆ ಕಾಣಲ್ಲ, ಪಕ್ಕದ ರೂಮಿನವರಿಗೆ ನಮ್ಮ ಲ್ಯಾಪ್‌ಟಾಪ್ ಸಿಗಲ್ಲ, ಅದೇ ಹೆಸರಿನ ಕಳ್ಳ ವೈಫೈ ಯಾರಾದರೂ ಹಚ್ಚಿದರೂ ಅವರಿಗೆ ಸಿಗೋದು ಬೀಗ ಹಾಕಿದ ಗಂಟು. ಮೋಸದ ಲಿಂಕ್ ಒತ್ತಿ ನೀವೇ ಪಾಸ್‌ವರ್ಡ್ ಕೊಟ್ಟರೆ, ಅದನ್ನೂ ಇದು ಬಹಳ ಭದ್ರವಾಗಿ ತಲುಪಿಸುತ್ತೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇದ್ದವರು ಇದನ್ನೆಲ್ಲ ಮಾಡೋಕೆ ಮುಂಚೆ ಆಫೀಸಿನ ಐಟಿಯವರನ್ನು ಒಂದು ಮಾತು ಕೇಳಿ.

ಖರ್ಚು ರೂಟರ್ 9,440, ಸ್ಟ್ಯಾಟಿಕ್ ಐಪಿ 2,360, ಮಳೆಯಲ್ಲಿ ತಂದ ಚಾರ್ಜರ್ 650. ಒಟ್ಟು 12,450. ಓನರ್‌ಗೆ ಊರಿಂದ ಒಂದು ಬಾಟಲಿ ಜೇನುತುಪ್ಪ, ಅರ್ಧ ಕೆಜಿ ಕಾಳುಮೆಣಸು ತಂದು ಕೊಟ್ಟೆ. ಅಪ್ಪಯ್ಯನ ಇನ್ನೊಂದು ಮಂಡಿಗೆ ಅಕ್ಟೋಬರ್ ಅಂದಿದ್ದಾರೆ. ರೂಟರ್ ಮೇಲೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿ "ಮೊದಲು ಗಡಿಯಾರ ನೋಡು" ಅಂತ ಬರೆದಿದ್ದೇನೆ, ಅದರ ಅಡಾಪ್ಟರನ್ನು ರಬ್ಬರ್ ಬ್ಯಾಂಡ್ ಹಾಕಿ ಅದಕ್ಕೇ ಕಟ್ಟಿಟ್ಟಿದ್ದೇನೆ.